ಆತಂಕಕ್ಕೆ ಚಿಕಿತ್ಸೆ: ಎಲ್ಲಿಂದ ಶುರು, ಎಷ್ಟು ಖರ್ಚು?

ಪ್ರಶ್ನೆ: ಆತಂಕಕ್ಕೆ ಮಾತಿನ ಚಿಕಿತ್ಸೆ ಪಡೆಯಬೇಕೆಂದಿದ್ದೇನೆ. ನಮ್ಮಂಥವರ ಕೈಗೆಟುಕುತ್ತದೆಯೇ?

ಉತ್ತರ: ಎಟುಕುತ್ತದೆ, ಲೆಕ್ಕವನ್ನು ಸರಿಯಾದ ತುದಿಯಿಂದ ಹಾಕಿದರೆ. ಬಹುತೇಕರು ಒಂದು ಭೇಟಿಯ ಶುಲ್ಕ ಕೇಳಿಯೇ ಹಿಂದೆ ಸರಿಯುತ್ತಾರೆ. ಕೇಳಬೇಕಾದದ್ದು ಒಟ್ಟು ಎಷ್ಟು ಭೇಟಿ ಎಂಬುದನ್ನು. ಆತಂಕಕ್ಕೆ ಹೆಚ್ಚು ಪುರಾವೆಯಿರುವ ಅರಿವು-ವರ್ತನಾ ಚಿಕಿತ್ಸೆ ಎಂಬ ಮಾತಿನ ಚಿಕಿತ್ಸೆ ವರ್ಷಗಟ್ಟಲೆ ಎಳೆಯುವಂಥದ್ದಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, 12ರಿಂದ 16 ಭೇಟಿ. ಹೀಗೆ ಕೊನೆಯಿರುವ ಖರ್ಚಿಗೆ ಹಣ ಹೊಂದಿಸಬಹುದು. ಖಾಸಗಿ ಚಿಕಿತ್ಸಕರಲ್ಲಿ ಶುಲ್ಕ, ಭೇಟಿ ತಪ್ಪಿಸಿದರೆ ಹಣ ಕೊಡಬೇಕೇ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂಬುದನ್ನು ಮೊದಲೇ ಕೇಳಿ. ಕೇಳುವುದು ಅಗೌರವವಲ್ಲ.

ಅಷ್ಟೂ ಹಣವಿಲ್ಲದವರು? ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಖರ್ಚು ಬಹಳ ಕಡಿಮೆ. ಅಲ್ಲಿ ನೂಕುನುಗ್ಗಲು, ಕಾಯಬೇಕು ಎಂಬ ಆಕ್ಷೇಪ ನಿಜವೇ. ಆದರೆ ಮೊದಲ ತಪಾಸಣೆ ಅಲ್ಲೇ ಆಗಲಿ. ಆತಂಕದಂತೆಯೇ ಥೈರಾಯ್ಡ್ ಏರುಪೇರೂ ಎದೆ ಡವಗುಟ್ಟಿಸುತ್ತದೆ, ಅದನ್ನು ವೈದ್ಯರು ನೋಡಲೇಬೇಕು. ವಿಮೆಯಿದೆಯಲ್ಲ ಎನ್ನಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆನ್ನುತ್ತದೆ. ಆದರೂ ಅನೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಹೊರರೋಗಿ ಸೌಲಭ್ಯ ಇದೆಯೇ ಎಂದು ಪಾಲಿಸಿ ಓದಿ ನೋಡಿ.

ಇವತ್ತೇ ಮಾತಾಡಬೇಕೆನಿಸಿದರೆ, 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.