ಸಾಲಿಗೊಂದು ಮೈಕು

ರಾಮದುರ್ಗ ತಾಲೂಕಿನ ನಮ್ಮ ಸಾಲಹಳ್ಳಿಗೆ ಹೋದಾಗಲೆಲ್ಲ ಕಾಕಾ ಕೇಳೋದು ಒಂದೇ ಪ್ರಶ್ನೆ: ‘ಅಲ್ಲೋ ತಮ್ಮಾ, ಬೆಂಗಳೂರಾಗ ದಿನಾ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತಿ?’ ಈ ಸಲ ನಿಜ ಹೇಳಿದೆ. ‘ನೂರಾರು ಕಂಪ್ಯೂಟರ್ ಕೂಡಿ ಒಂದ ಕೆಲಸ ಮಾಡೋ ಹಂಗ ನೋಡ್ಕೋತೀನಿ ಕಾಕಾ.’

‘ನೂರು ಆಳು ಹಚ್ಚಿದ್ರ ಕೆಲಸ ನೂರು ಪಟ್ಟು ಜಲ್ದಿ ಆಗ್ತದೇನು?’

ಆಗಲ್ಲ. ಕಳೆದ ವರ್ಷ ಹಟ ಹಿಡಿದು ಮಷೀನ್‌ಗಳನ್ನು ಎರಡು ಪಟ್ಟು ಮಾಡಿಸಿ, ಕೆಲಸ ಇನ್ನೂ ನಿಧಾನವಾಗಿ, ಮೀಟಿಂಗ್‌ನಲ್ಲಿ ತಲೆ ತಗ್ಗಿಸಿ ಕೂತವನು ನಾನೇ. ಅವೆಲ್ಲ ಲೆಕ್ಕ ಮಾಡುವುದಕ್ಕಿಂತ ಒಂದರ ಮಾತಿಗೆ ಇನ್ನೊಂದು ಕಾಯುವುದೇ ಹೆಚ್ಚಾಗಿತ್ತು. ಆಗ ಹುಡುಕಿಕೊಂಡು ಓದಿದ್ದು 1987ರ ಒಂದು ಸಂಶೋಧನಾ ಲೇಖನ. ಬರೆದವರು ಇಬ್ಬರು: ವಿಕ್ಟರ್ ಪ್ರಸನ್ನ (ಆಗಿನ ಲೇಖನಗಳಲ್ಲಿ ವಿ.ಕೆ. ಪ್ರಸನ್ನ ಕುಮಾರ್) ಮತ್ತು ಕೌಲಿಗಿ ರಾಘವೇಂದ್ರ. ಇಬ್ಬರೂ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪದವಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದಿನ ಓದು ಮುಗಿಸಿ ಅಮೆರಿಕಕ್ಕೆ ಹೋದವರು. ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೊತೆಯಾದರು.

ಅವರ ಲೆಕ್ಕ ಕಾಕಾಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ. ಒಂದು ದೊಡ್ಡ ಹೊಲದಲ್ಲಿ 1000 ಸಾಲು, ಸಾಲಿಗೆ 1000 ಮಂದಿ. (ನಮ್ಮೂರ ಹೆಸರಲ್ಲಿ ಇರೋದು ಸಾಲೋ ಸಾಲುವೋ, ಅದು ಬೇರೆ ಜಗಳ.) ಒಬ್ಬೊಬ್ಬರ ಕೈಯಲ್ಲೂ ಒಂದು ಅಂಕಿ ಬರೆದ ಚೀಟಿ. ಹತ್ತು ಲಕ್ಷ ಚೀಟಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದು? ಅಕ್ಕಪಕ್ಕ, ಹಿಂದೆಮುಂದೆ ಇದ್ದವರ ಜೊತೆ ಮಾತ್ರ ಮಾತಾಡಬಹುದು ಅಂದರೆ, ಸುದ್ದಿ ಈ ಮೂಲೆಯಿಂದ ಆ ಮೂಲೆಗೆ ಮುಟ್ಟಲು ಸುಮಾರು 2000 ಹೆಜ್ಜೆ. ಹೀಗೆ ಜೋಡಿಸಿದ ಪ್ರೊಸೆಸರ್‌ಗಳ ಜಾಲಕ್ಕೆ ಮೆಶ್ ಅಂತಾರೆ.

ಇಡೀ ಹೊಲಕ್ಕೆ ಒಂದು ಮೈಕು ಕೊಡಿ. ಒಮ್ಮೆಗೆ ಒಬ್ಬರೇ ಕೂಗಬೇಕು. 100ಕ್ಕೆ 100ರ ಗುಂಪು ಕಟ್ಟಿ, ಒಳಗೊಳಗೇ ದೊಡ್ಡ ಅಂಕಿ ಹುಡುಕಿ, 100 ಗುಂಪುಗಳೂ ಸರದಿಯಂತೆ ಕೂಗಿದರೆ ಕೆಲವು ನೂರು ಹೆಜ್ಜೆಯಲ್ಲಿ ಮುಗಿಯುತ್ತದೆ. ಇಷ್ಟು ಮೊದಲೇ ಗೊತ್ತಿತ್ತು.

ಈ ಇಬ್ಬರು ಕೊಟ್ಟಿದ್ದು ಪ್ರತಿ ಅಡ್ಡಸಾಲಿಗೊಂದು, ಪ್ರತಿ ಉದ್ದಸಾಲಿಗೊಂದು ಮೈಕು. ಈಗ 10ಕ್ಕೆ 10ರ ಸಣ್ಣ ಗುಂಪು ಸಾಕು. ಅಡ್ಡಡ್ಡ 100 ಗುಂಪು ಬರ್ತವೆ, ಆದರೆ ಅವುಗಳ ಪಾಲಿಗೆ 10 ಸಾಲು, ಅಂದರೆ 10 ಮೈಕು. ಮೈಕಿಗೆ ಹತ್ತೇ ಕೂಗು! ಎಲ್ಲ ಕಡೆ ಏಕಕಾಲಕ್ಕೆ. ಆಮೇಲೆ ಉದ್ದಕ್ಕೂ ಅದೇ ಆಟ. ಒಟ್ಟು ಕೆಲವು ಹತ್ತು ಹೆಜ್ಜೆ. ಹತ್ತು ಲಕ್ಷದ ವರ್ಗಮೂಲ 1000, ಘನಮೂಲ 100, ಆರನೇ ಮೂಲ 10. ಇಳಿದದ್ದು ಹೀಗೆ.

ಒಬ್ಬ ಆಳನ್ನೂ ಹೆಚ್ಚಿಸಿಲ್ಲ ನೋಡಿ. ನಾನು ಮಷೀನ್ ಕೇಳಿದ ಕಡೆ ಅವರು ತಂತಿ ಕೇಳಿದ್ದರು.

ಕಾಕಾ ಸುಮ್ಮನೆ ಒಪ್ಪೋರಲ್ಲ. ‘ವಾಯರ್ ಎಷ್ಟು ಉದ್ದ ಇದ್ರೂ ದನಿ ಒಮ್ಮಿಗೇ ಮುಟ್ಟತದೇನು?’ ಅಂದರು. ನಾನು ದಂಗು! ಈ ಬಗೆಯ ಲೆಕ್ಕಗಳ ಮೇಲೆ ತಜ್ಞರು ಎತ್ತುವ ತಕರಾರೂ ಅದೇ. ಕೂಗು ಒಂದೇ ಹೆಜ್ಜೆಯಲ್ಲಿ ಎಲ್ಲರಿಗೂ ಕೇಳುತ್ತದೆ ಅನ್ನೋದು ಕಾಗದದ ಮೇಲಿನ ಅನುಕೂಲ, ನಿಜವಾದ ಚಿಪ್‌ನಲ್ಲಿ ತಂತಿ ಬೆಳೆದಂತೆ ತಡವೂ ಬೆಳೆಯುತ್ತದೆ. ಪ್ರಸನ್ನ ಮತ್ತು ಜೊತೆಗಾರರು 1993ರಲ್ಲಿ, ಬೇಕಾದಾಗ ತಂತಿಯ ಜೋಡಣೆಯನ್ನೇ ಬದಲಿಸಿಕೊಳ್ಳುವ ಮೆಶ್ ಬಗ್ಗೆ ಬರೆದಾಗ, ತಡವನ್ನೂ ಸೇರಿಸಿ ಲೆಕ್ಕ ಹಾಕಿದರು. ಅದಕ್ಕೂ ಮೊದಲು, 1991ರಲ್ಲಿ, ಬಾರ್-ನಾಯ್ ಮತ್ತು ಪೆಲೆಗ್ ಎಂಬಿಬ್ಬರು ಹೊಲ ಚೌಕವಾಗಿರುವುದಕ್ಕಿಂತ ಉದ್ದುದ್ದ ಇದ್ದರೆ ಇನ್ನೂ ಬೇಗ ಅಂತ ತೋರಿಸಿದರು. ಆರನೇ ಮೂಲ ಎಂಟನೆಯದಾಯಿತು. ಸಂಶೋಧನೆಯ ಪ್ರಭಾವ ಅಂದರೆ ನನಗೆ ಇದು: ಬೇರೆಯವರು ಅದನ್ನು ಹಿಡಿದು ಜಗ್ಗಾಡಬೇಕು.

ರಾಘವೇಂದ್ರ ಮುಂದೆ ಸೆನ್ಸರ್ ಜಾಲಗಳ ಕಡೆಗೂ ಹೊರಳಿದರು. ಬ್ಯಾಟರಿ ಮೇಲೆ ಬದುಕುವ ಪುಟ್ಟ ಸಾಧನಗಳಿಗೆ ದೂರಕ್ಕೆ ಕೂಗುವುದು ದುಬಾರಿ. 2002ರಲ್ಲಿ ಸ್ಟೆಫನಿ ಲಿಂಡ್ಸೆ ಜೊತೆ ಅವರು ಸೂಚಿಸಿದ ಪೆಗಾಸಿಸ್ ಪದ್ಧತಿಯಲ್ಲಿ ಪ್ರತಿಯೊಂದೂ ಹತ್ತಿರದ ನೆರೆಯವನಿಗಷ್ಟೇ ಪಿಸುಗುಟ್ಟುತ್ತದೆ. ದೂರದ ಕೇಂದ್ರಕ್ಕೆ ಕೂಗುವ ಸರದಿ ಒಂದೊಂದು ಸುತ್ತಿಗೆ ಒಬ್ಬೊಬ್ಬರದು. ಸಾಲುಸಾಲಿಗೆ ಮೈಕು ಹಂಚಿದವರೇ ಮೈಕು ವಾಪಸ್ ಪಡೆದ ಹಾಗೆ.

ಇದನ್ನು ಮಾತ್ರ ಕಾಕಾ ತಕರಾರಿಲ್ಲದೆ ಒಪ್ಪಿದರು. ‘ಹೊಲದಾಗ ನಾವು ಬುಟ್ಟಿ ಕೈಯಿಂದ ಕೈಗೆ ದಾಟಿಸ್ತೀವಲ್ಲ, ಹಂಗ.’