ಪಾಡ್‌ಕಾಸ್ಟ್: ಹುಣ್ಣಿಮೆಗೆ ಸೇರುವ ಮೀನು, ದೋಣಿ ತುಂಬಿದರೂ ಬರಿದಾಗುವ ಸಮುದ್ರ

ತಿಥಿ ನೋಡಿ ಕೆಲಸ ಶುರು ಮಾಡೋದು ನಮ್ಮಲ್ಲಿ ಹೊಸದೇನಲ್ಲ. ಆದ್ರೆ ಮೀನು ಕೂಡ ತಿಥಿ ನೋಡಿ ಮೊಟ್ಟೆ ಇಡುತ್ತೆ ಅಂದ್ರೆ? ಹೌದು, ಹವಳದ ದಿಬ್ಬಗಳಲ್ಲಿ ಬದುಕುವ ಎಷ್ಟೋ ಮೀನುಗಳು ಹೀಗೇ ಮಾಡುತ್ತವೆ. ಇವತ್ತು ಅವುಗಳಲ್ಲಿ ಒಂದರ ಕಥೆ ಕೇಳೋಣ. ಅದರ ಹೆಸರು ನಸ್ಸೌ ಗ್ರೂಪರ್, ಊರು ಕೆರಿಬಿಯನ್ ಸಮುದ್ರ.

ಈ ಮೀನು ವರ್ಷದ ಬಹುಪಾಲು ಒಂಟಿ. ತನ್ನ ದಿಬ್ಬ, ತನ್ನ ಪೊಟರೆ, ಅಷ್ಟೇ. ಆದ್ರೆ ಮರಿ ಆಗಬೇಕಂದ್ರೆ ಒಂಟಿಯಾಗಿದ್ದರೆ ಆಗಲ್ಲ. ಹೆಣ್ಣು ಮೊಟ್ಟೆಯನ್ನು ನೀರಿಗೆ ಬಿಡುತ್ತೆ, ಗಂಡು ವೀರ್ಯವನ್ನು ನೀರಿಗೆ ಬಿಡುತ್ತೆ. ಎರಡೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಸೇರದಿದ್ದರೆ ಎಲ್ಲವೂ ವ್ಯರ್ಥ. ಹಾಗಾದ್ರೆ ದೂರ ದೂರ ಇರುವ ಸಾವಿರಾರು ಮೀನುಗಳಿಗೆ ಮುಹೂರ್ತ ತಿಳಿಸೋರು ಯಾರು?

ಇಲ್ಲಿ ಮೂರು ಗಡಿಯಾರ ಕೆಲಸ ಮಾಡುತ್ತವೆ. ಮೊದಲನೆಯದು ಋತು. ಚಳಿಗಾಲದಲ್ಲಿ ನೀರು ಸುಮಾರು 25-26 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ತಿಂಗಳು ನಿಗದಿಯಾಗುತ್ತೆ. ಎರಡನೆಯದು ಚಂದ್ರ. ಹುಣ್ಣಿಮೆ ಹತ್ತಿರ ಬಂದಾಗ ಮೀನುಗಳು ಹೊರಡುತ್ತವೆ, ಕೆಲವು ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಈಜುತ್ತವೆ. ಮೂರನೆಯದು ಸೂರ್ಯಾಸ್ತ. ಹುಣ್ಣಿಮೆ ಕಳೆದ ಕೆಲವು ದಿನಗಳಲ್ಲಿ, ಮುಸ್ಸಂಜೆ ಹೊತ್ತಿಗೆ, ಗುಂಪುಗಳು ಮೇಲಕ್ಕೆ ಚಿಮ್ಮಿ ಮೊಟ್ಟೆ, ವೀರ್ಯ ಬಿಡುತ್ತವೆ. ಆಗ ಮೀನಿನ ಮೈಬಣ್ಣವೂ ಬದಲಾಗಿರುತ್ತೆ: ಪಟ್ಟೆ ಮಾಯವಾಗಿ ಮೇಲೆ ಕಪ್ಪು, ಕೆಳಗೆ ಬಿಳಿ.

ಒಂದೇ ಸಲಕ್ಕೆ ಲೆಕ್ಕವಿಲ್ಲದಷ್ಟು ಮೊಟ್ಟೆ ಬಿದ್ದರೆ, ತಿನ್ನೋಕೆ ಬಂದವರು ತಿಂದೂ ಬೇಕಾದಷ್ಟು ಉಳಿಯುತ್ತೆ. ಹಾಗಂತ ಎಲ್ಲ ಮೀನೂ ಹುಣ್ಣಿಮೆಗೇ ಕಾಯಲ್ಲ. ಜಪಾನಿನ ಓಕಿನಾವಾದಲ್ಲಿ ರ್‍ಯಾಬಿಟ್‌ಫಿಶ್‌ನ ಒಂದು ಜಾತಿ ಅರ್ಧಚಂದ್ರ ಕಾಣುವ ಹೊತ್ತಿಗೆ, ಅಂದ್ರೆ ಶುಕ್ಲಪಕ್ಷದ ಅಷ್ಟಮಿ ಆಸುಪಾಸು, ಮೊಟ್ಟೆ ಇಡುತ್ತೆ.

ಈಗ ಅಸಲಿ ವಿಷಯಕ್ಕೆ ಬರೋಣ. ಮೀನಿನ ಪಂಚಾಂಗ ಮೀನಿಗೆ ಮಾತ್ರ ಗೊತ್ತಿದ್ದರೆ ತೊಂದರೆ ಇರಲಿಲ್ಲ. ಅದು ಮೀನುಗಾರರಿಗೂ ಗೊತ್ತು. ಕ್ಯೂಬಾದ ದಕ್ಷಿಣಕ್ಕಿರುವ ಕೇಮನ್ ದ್ವೀಪಗಳಲ್ಲಿ ಲಿಟಲ್ ಕೇಮನ್ ಅನ್ನೋದೊಂದು ಪುಟ್ಟ ದ್ವೀಪ. ಅದರ ಪಶ್ಚಿಮ ತುದಿಯಲ್ಲಿ ಸುಮಾರು 7,000 ಗ್ರೂಪರ್ ಸೇರುವ ಜಾಗ 2001ರಲ್ಲಿ ಮೀನುಗಾರರ ಕಣ್ಣಿಗೆ ಬಿತ್ತು. ಎರಡೇ ಚಳಿಗಾಲಗಳಲ್ಲಿ 4,000ದಷ್ಟು ಮೀನು ಹೋಯ್ತು.

ಇಲ್ಲೇ ಒಂದು ಮೋಸ ಇದೆ. ಸುತ್ತಲಿನ ದಿಬ್ಬಗಳ ಮೀನೆಲ್ಲ ಒಂದೇ ಕಡೆ ಬಂದು ನಿಲ್ಲೋದರಿಂದ, ಒಟ್ಟು ಸಂಖ್ಯೆ ಅರ್ಧಕ್ಕಿಳಿದರೂ ಆ ಜಾಗದಲ್ಲಿ ಮೀನು ಕಿಕ್ಕಿರಿದಂತೆಯೇ ಕಾಣುತ್ತೆ. ದೋಣಿ ತುಂಬುತ್ತೆ. ‘ಮೀನಿಗೇನು ಬರ?’ ಅನ್ನಿಸುತ್ತೆ. ದೋಣಿ ಖಾಲಿ ಬರೋ ದಿನ ಎಚ್ಚರವಾದರೆ ತಡವಾಗಿರುತ್ತೆ. ಬಲಿಯಾಗೋದು ಮೊಟ್ಟೆ ಇಡೋಕೆ ಬಂದ ದೊಡ್ಡ ಮೀನುಗಳೇ ಅಲ್ವಾ? ಕೆರಿಬಿಯನ್‌ನಲ್ಲಿ ಇಂಥ ಎಷ್ಟೋ ತಾಣಗಳು ಹೀಗೇ ಖಾಲಿಯಾಗಿವೆ. 2018ರಿಂದ ನಸ್ಸೌ ಗ್ರೂಪರ್ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ.

ಕೇಮನ್ ಸರ್ಕಾರ 2003ರಲ್ಲಿ ಈ ತಾಣಗಳಲ್ಲಿ ಮೀನುಗಾರಿಕೆ ನಿಲ್ಲಿಸಿತು. ಫಲ ತಕ್ಷಣ ಕಾಣಲಿಲ್ಲ, ಯಾಕಂದ್ರೆ ಮರಿ ಬೆಳೆದು ಮೊಟ್ಟೆ ಇಡೋ ವಯಸ್ಸಿಗೆ ಬರೋಕೆ ವರ್ಷಗಳೇ ಬೇಕು. 2009ರಲ್ಲಿ ಲಿಟಲ್ ಕೇಮನ್‌ನಲ್ಲಿದ್ದದ್ದು ಸುಮಾರು 1,200. ಆದರೂ ನಿಷೇಧ ಸಡಿಲಿಸಲಿಲ್ಲ. 2016ರಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈ ಮೀನನ್ನು ಎಲ್ಲೂ ಹಿಡಿಯಬಾರದು ಅಂತ ನಿಯಮವೂ ಬಂತು. 2018ಕ್ಕೆ ಸಂಖ್ಯೆ 7,000 ದಾಟಿತು.

ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ರಜೆ. ಮೊಟ್ಟೆ ಇಡುವ ಕಾಲದಲ್ಲಿ ಮೀನಿಗೆ ಬಿಡುವು ಕೊಡಬೇಕು ಅನ್ನೋ ಲೆಕ್ಕ ಅದರಲ್ಲೂ ಇದೆ. ಲಿಟಲ್ ಕೇಮನ್ ಹೇಳೋದು ಇನ್ನೂ ಒಂದು ಮಾತು: ಬಿಡುವು ಕೊಟ್ಟ ಮೇಲೆ ತಾಳ್ಮೆಯೂ ಬೇಕು.