ಮೀನಿನ ಮೇವು, ಜಲಾಶಯದ ನೀರು

1911ರಲ್ಲಿ ಕಾಮಗಾರಿ ಆರಂಭಗೊಂಡ, 49.45 ಟಿಎಂಸಿ ಅಡಿ ಸಾಮರ್ಥ್ಯದ ಕೃಷ್ಣರಾಜಸಾಗರವು ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಅಣೆಕಟ್ಟೆಯಿಂದ ಪಾಂಡವಪುರ ಮತ್ತು ಕೃಷ್ಣರಾಜಪೇಟೆಗಳ ಕಡೆಗೂ ಚಾಚಿದೆ. ಪಾಂಡವಪುರದಲ್ಲಿ ಗುಡ್ಡಗಳ ನಡುವಿನ ಆಳವಾದ ತೊಣ್ಣೂರು ಕೆರೆಯಿದ್ದರೆ, ನಾಗಮಂಗಲದ ಹಲವು ಕೆರೆಗಳು ಮಳೆಯನ್ನೇ ನಂಬಿವೆ. ಮೀನು ಸಾಕಣೆಯಿಂದ ಈ ನೀರಿನ ಗುಣ ಕೆಡುವುದೇ ಎಂಬ ಪ್ರಶ್ನೆಗೆ ಉತ್ತರವು ಮೀನಿಗಿಂತ ಹೆಚ್ಚಾಗಿ ಹೊರಗಿನಿಂದ ತಂದು ಹಾಕುವ ಮೇವನ್ನು ಮತ್ತು ಅದನ್ನು ಅರಗಿಸಿಕೊಳ್ಳಲು ಇರುವ ನೀರಿನ ಪ್ರಮಾಣವನ್ನು ಅವಲಂಬಿಸಿದೆ.

ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿತ್ತಿ, ಅವು ನೀರಿನಲ್ಲಿ ಸಹಜವಾಗಿ ದೊರೆಯುವ ಆಹಾರವನ್ನೇ ತಿಂದು ಬೆಳೆದ ಮೇಲೆ ಹಿಡಿಯುವ ಪದ್ಧತಿಯಲ್ಲಿ ನೀರಿಗೆ ಹೊಸದಾಗಿ ಸೇರುವ ಪೋಷಕಾಂಶ ಅತ್ಯಲ್ಪ. ಹಿಡಿದ ಮೀನಿನೊಂದಿಗೆ ಸ್ವಲ್ಪ ಸಾರಜನಕವೂ ರಂಜಕವೂ ಹೊರಹೋಗುತ್ತವೆ. ಬಲೆಯ ಗೂಡುಗಳಲ್ಲಿ ಮೀನನ್ನು ದಟ್ಟವಾಗಿ ಕೂಡಿಹಾಕಿ ದಿನವೂ ಮೇವು ಹಾಕುವ ಪಂಜರ ಕೃಷಿಯ ಲೆಕ್ಕವೇ ಬೇರೆ. ಶೇ. 28ರಷ್ಟು ಪ್ರೋಟೀನ್ ಇರುವ ಒಂದೂವರೆ ಟನ್ ಮೇವಿನಿಂದ ಒಂದು ಟನ್ ಮೀನು ಬೆಳೆಯಿತೆಂದುಕೊಂಡರೆ, ಆ ಮೇವಿನಲ್ಲಿದ್ದ ಸುಮಾರು 67 ಕಿಲೋ ಸಾರಜನಕದಲ್ಲಿ ಮೀನಿನ ಮೈಗೆ ಸೇರುವುದು 25 ಕಿಲೋದಷ್ಟು ಮಾತ್ರ. ಉಳಿದ 40 ಕಿಲೋಗೂ ಹೆಚ್ಚು ಭಾಗ ಹಿಕ್ಕೆ, ಅಮೋನಿಯಾ ಮತ್ತು ತಿನ್ನದೆ ಉಳಿದ ಮೇವಿನ ರೂಪದಲ್ಲಿ ನೀರಿಗೇ ಸೇರುತ್ತದೆ.

ಈ ಪೋಷಕಾಂಶಗಳಿಂದ ಪಾಚಿ ಹೆಚ್ಚಿ ನೀರು ಹಸಿರುಗಟ್ಟುತ್ತದೆ. ಹಗಲಿನ ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುವ ಪಾಚಿಯು ರಾತ್ರಿ ಅದನ್ನೇ ಉಸಿರಾಡುವುದರಿಂದ, ನೀರಿನಲ್ಲಿ ಕರಗಿದ ಆಮ್ಲಜನಕ ಬೆಳಗಿನ ಜಾವಕ್ಕೆ ತೀರ ತಗ್ಗಿ, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗುತ್ತವೆ. ಗೆಂಡೆ ಜಾತಿಯ ಮೀನಿಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಹಿತಕರ. 3ಕ್ಕಿಂತ ಇಳಿದರೆ ಅದು ಬಳಲುತ್ತದೆ. ಸತ್ತ ಪಾಚಿ ತಳದಲ್ಲಿ ಕೊಳೆಯುವಾಗ ಅಲ್ಲಿನ ಆಮ್ಲಜನಕವೂ ಬರಿದಾಗುತ್ತದೆ. ನೀರಿನ ಕ್ಷಾರತೆ ಮತ್ತು ಉಷ್ಣತೆ ಏರಿದಂತೆ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ.

ಆದ್ದರಿಂದ ಬೇಸಿಗೆಯೇ ನಿರ್ಣಾಯಕ ಕಾಲ. ಗರಿಷ್ಠ 124.80 ಅಡಿ ಮಟ್ಟದ ಕೃಷ್ಣರಾಜಸಾಗರವು ಮಳೆ ಕೈಕೊಟ್ಟ ವರ್ಷಗಳಲ್ಲಿ 90 ಅಡಿಗಿಂತಲೂ ಕೆಳಕ್ಕೆ ಇಳಿದದ್ದುಂಟು. ತುಂಬಿದ ಜಲಾಶಯ ಸಲೀಸಾಗಿ ತಾಳಿಕೊಳ್ಳುವ ಹೊರೆಯನ್ನು ಕುಗ್ಗಿದ ಹಿನ್ನೀರಾಗಲಿ, ಬತ್ತುತ್ತಿರುವ ನಾಗಮಂಗಲದ ಕೆರೆಯಾಗಲಿ ತಾಳಲಾರದು. ಹೊಲಗದ್ದೆಗಳ ರಸಗೊಬ್ಬರ ಮತ್ತು ಊರುಗಳ ಚರಂಡಿ ನೀರು ಮೊದಲೇ ಹೊರಿಸಿರುವ ಭಾರವನ್ನು ಕೋಳಿ ಗೊಬ್ಬರ, ಮಾಂಸದಂಗಡಿಯ ತ್ಯಾಜ್ಯಗಳನ್ನು ಸುರಿಯುವ ಸಾಕಣೆ ಇನ್ನಷ್ಟು ಹೆಚ್ಚಿಸುತ್ತದೆ. ಇಂಥ ತ್ಯಾಜ್ಯದ ಮೇಲೆ ಬೆಳೆಸಲಾಗುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ಭಾರತದಲ್ಲಿ ನಿಷೇಧವಿದೆ. ಕೊಳದಿಂದ ತಪ್ಪಿಸಿಕೊಂಡು ನದಿ ಸೇರಿದರೆ ಅದು ಸ್ಥಳೀಯ ಮೀನುಗಳನ್ನು ಕಬಳಿಸುತ್ತದೆ.

ಕೃಷ್ಣರಾಜಸಾಗರದಲ್ಲಿ ನಿಲ್ಲುವ ಕಾವೇರಿಯ ನೀರನ್ನು ಮೈಸೂರು, ಬೆಂಗಳೂರುಗಳು ಕುಡಿಯುತ್ತವೆ. ಅಣೆಕಟ್ಟೆಯ ಕೆಳಗೆ ರಂಗನತಿಟ್ಟಿನ ಹಕ್ಕಿಗಳ ಬದುಕು ಇದೇ ನೀರಿನ ಮೇಲೆ ನಿಂತಿದೆ. ಮೀನುಗಾರರ ಜೀವನೋಪಾಯವೂ ಅದರ ಶುದ್ಧಿಯನ್ನೇ ಅವಲಂಬಿಸಿರುವುದರಿಂದ, ಕುಡಿಯುವ ನೀರಿನ ಆಸರೆಗಳಲ್ಲಿ ಮೇವಿಲ್ಲದ ಬಿತ್ತನೆಗೇ ಆದ್ಯತೆ ಸಲ್ಲಬೇಕು. ಮೇವು ಹಾಕುವ ಕಡೆ ಎಷ್ಟು ಮೀನು ಸಾಕಬಹುದೆಂಬ ಮಿತಿಯನ್ನು ಬೇಸಿಗೆಯ ಕನಿಷ್ಠ ನೀರಿನ ಮಟ್ಟಕ್ಕೆ ತಕ್ಕಂತೆ ಗೊತ್ತುಮಾಡಿ, ಆಮ್ಲಜನಕವನ್ನು ಮಧ್ಯಾಹ್ನದ ಬದಲು ಬೆಳಗಿನ ಜಾವ ಅಳೆದು, ಆ ಅಂಕಿಗಳನ್ನು ಗ್ರಾಮ ಪಂಚಾಯಿತಿಗಳ ಮೂಲಕ ಜನರ ಮುಂದಿಡುವುದು ಸರ್ಕಾರದ ಕರ್ತವ್ಯ.